ಎಡಕ್ಕೆ ಎಳೆದರೆ ಬಿಚ್ಚುವ ಗಂಟು

ಹೆಸರು ಸುಗುಣಾ. ವಯಸ್ಸು 22 ವರ್ಷ. ಓದಿದ್ದು ಐದನೇ ತರಗತಿ. ಕೆಲಸ, ಚೆನ್ನೈನ ಪ್ಯಾರೀಸ್ ಕಾರ್ನರ್‌ನ ಒಂದು ಅಂಗಡಿಯಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಮಷೀನುಗಳ ರಿಪೇರಿ. ಊರು ಕುಂದಾಪುರದ ಹತ್ತಿರ ಹೆಮ್ಮಾಡಿ. ಈಗ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಸೋದರಮಾವ ರಘುರಾಮ ಅವರ ಮನೆಯಲ್ಲಿ ವಾಸ. ನನಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಆದ್ದರಿಂದ ಇನ್‌ಸ್ಪೆಕ್ಟರ್ ಮೇಡಂ ಒಪ್ಪಿಗೆಯಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡ ಬಲ್ಲ ಹೊಸೂರು ಕಡೆಯ ಹೆಡ್ ಕಾನ್‌ಸ್ಟೆಬಲ್ ನಂಜುಂಡ ಅವರು ಪಕ್ಕದಲ್ಲಿ ಕುಳಿತಿದ್ದಾರೆ. ಯಾರ ಒತ್ತಾಯವೂ ಇಲ್ಲದೆ ನಾನಾಗಿ ತಿಳಿಸುವ ಸಂಗತಿ ಏನೆಂದರೆ, ನಿನ್ನೆ ಅಂಗಡಿಯಲ್ಲಿ ಸಿಕ್ಕಿದ ಹನ್ನೊಂದು ಗೇಮ್ ಮಷೀನುಗಳನ್ನು ಬಿಚ್ಚಿದ್ದು, ಚಿಪ್ ಕೂರಿಸಿದ್ದು, ಪೊಟ್ಟಣ ಕಟ್ಟಿದ್ದು ನಾನು. ನನ್ನ ಮಾವ ಅಲ್ಲ.

ನಾನು ಚೆನ್ನೈಗೆ ಬಂದು ಆರು ವರ್ಷವಾಯಿತು. ಮಾವ ವೆಸ್ಟ್ ಮಾಂಬಲಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವವರು. ಮೊದಲ ನಾಲ್ಕು ವರ್ಷ ನಾನೂ ಅಲ್ಲೇ ಪಾರ್ಸೆಲ್ ಕಟ್ಟುತ್ತಿದ್ದೆ. ಬಾಳೆಎಲೆ, ಅದರ ಮೇಲೆ ಪೇಪರ್, ಮೇಲೆ ಬಿಳಿ ನೂಲು. ಮಾವನ ಗಂಟು ಹೇಗೆಂದರೆ ಎಷ್ಟು ಅಲುಗಿದರೂ ಸಡಿಲವಾಗುವುದಿಲ್ಲ, ಬಲಗಡೆಯ ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ನಾನು ಎಡಗೈಯವಳು. ನಾನು ಕಟ್ಟಿದರೆ ಅದೇ ಗಂಟು ತಿರುಗಾಮುರುಗಾ ಬೀಳುತ್ತದೆ. ಎಡಗಡೆಯ ತುದಿ ಎಳೆದರೆ ಬಿಚ್ಚುತ್ತದೆ, ಬಲಕ್ಕೆ ಎಳೆದರೆ ಇನ್ನೂ ಬಿಗಿಯಾಗುತ್ತದೆ. ತಿನ್ನುವ ವಸ್ತುವನ್ನು ಎಡಗೈಯಲ್ಲಿ ಕಟ್ಟುತ್ತಾಳೆ ಎಂದು ಇಬ್ಬರು ಮೂವರು ಗಿರಾಕಿಗಳು ದೂರು ಹೇಳಿದರು. ಕೈ ಬದಲಿಸು ಎಂದು ಮಾವ ಎರಡು ವರ್ಷ ಹೇಳಿದರು, ನೂಲಿನ ಉಂಡೆಯಿಂದ ಬೆರಳ ಗೆಣ್ಣಿಗೆ ಹೊಡೆದರು. ಆಗಲಿಲ್ಲ. ಕಡೆಗೆ ಯಾರಿಗೂ ಕಾಣದ ಹಾಗೆ ನನ್ನನ್ನು ಕಂಬದ ಹಿಂದೆ ಕೂರಿಸಿದರು.

ಹೋಟೆಲಿನ ಬಿಲ್ ಮಷೀನು ಕೆಟ್ಟರೆ ನಾನೇ ಬಿಚ್ಚಿ ಸರಿ ಮಾಡುತ್ತಿದ್ದೆ. ಅದನ್ನು ತಿಂಡಿಗೆ ಬಂದಿದ್ದ ಸುಕೇಶ್ ನೋಡಿದರು. ಅವರೂ ನಮ್ಮ ಕಡೆಯವರೇ, ಪ್ಯಾರೀಸ್ ಕಾರ್ನರ್‌ನಲ್ಲಿ ಮೊದಲ ಮಹಡಿಯಲ್ಲಿ ಅಂಗಡಿ ಇಟ್ಟಿದ್ದವರು. ಹೋದ ವರ್ಷ ಜನವರಿಯಿಂದ ನಾನು ಅವರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಎಡಗೈಗೆ ಯಾರೂ ಏನೂ ಅನ್ನಲಿಲ್ಲ.

ಮೊದಲು ಬರೀ ರಿಪೇರಿ ಇತ್ತು. ಈ ವರ್ಷ ಜೂನ್ ತಿಂಗಳಿನಿಂದ ಸುಕೇಶ್ ಚಿಪ್ ತಂದುಕೊಟ್ಟರು. ಚಿಪ್ ಕೂರಿಸಿದರೆ ಮಷೀನು ಅಸಲಿ ಗೇಮಿಗೂ ನಕಲಿ ಗೇಮಿಗೂ ವ್ಯತ್ಯಾಸ ನೋಡುವುದಿಲ್ಲ. ಬೆಸುಗೆ ನನ್ನದು, ಗೇಮ್ ತುಂಬುವುದು ಅವರದು. ಇದು ಯಾರ ಗೇಮು ಎಂದು ನಾನು ಒಂದು ಸಲ ಕೇಳಿದೆ. ಸುಕೇಶ್ ನಕ್ಕು, ಇಡ್ಲಿ ಕಟ್ಟುವಾಗ ಅಕ್ಕಿ ಯಾರ ಗದ್ದೆಯದು ಅಂತ ಕೇಳ್ತಿದ್ಯಾ ಮಾರಾಯ್ತಿ, ಕೆಲಸ ಮಾಡು ಎಂದರು. ನಾನು ಮತ್ತೆ ಕೇಳಲಿಲ್ಲ. ನನಗೆ ಮಾತು ಕಡಿಮೆ.

ಆಗಸ್ಟ್ ತಿಂಗಳಲ್ಲಿ ಸುಕೇಶ್, ಮಷೀನುಗಳನ್ನು ಡಬ್ಬಿಯಲ್ಲಿ ಹಾಕಬೇಡ, ಹೋಟೆಲ್ ಪಾರ್ಸೆಲ್ ಹಾಗೆ ಕಟ್ಟು, ರೈಲಿನಲ್ಲಿ ಒಯ್ಯುವಾಗ ಯಾರೂ ತಿರುಗಿ ನೋಡುವುದಿಲ್ಲ ಎಂದರು. ನೂಲು ಮತ್ತು ಹೋಟೆಲಿನ ಹೆಸರಿರುವ ಚೀಲಗಳನ್ನು ನಾನು ಮಾವನ ಮೇಜಿನಿಂದ ಅವರಿಗೆ ಹೇಳದೆ ತಂದೆ.

ನಿನ್ನೆ ಮಂಗಳವಾರ ಮಧ್ಯಾಹ್ನ 3.40ಕ್ಕೆ ಹನ್ನೊಂದು ಪೊಟ್ಟಣ ಕಟ್ಟಿ ಮುಗಿಸಿ, ಬೆಸುಗೆಯ ತಂತಿ ತರಲು ಕೆಳಗೆ ಇಳಿದೆ. 4.05ಕ್ಕೆ ವಾಪಸು ಬರುವಾಗ ಅಂಗಡಿಯ ಮೆಟ್ಟಿಲ ಬಳಿ ಪೊಲೀಸ್ ಜೀಪು ಇತ್ತು. ನಾನು ರಸ್ತೆಯ ಆಚೆ, ಸುಮಾರು ಮೂವತ್ತು ಅಡಿ ದೂರದಲ್ಲಿ, ಬಕೆಟ್ ಮಾರುವ ಅಂಗಡಿಯ ಮುಂದೆ ನಿಂತೆ. ಪೊಲೀಸರು ಪೊಟ್ಟಣಗಳನ್ನು ಇಳಿಸುತ್ತಿದ್ದರು. ಸುಕೇಶ್ ಕಾಣಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್ ಇತ್ತು. ಬಕೆಟ್ ಅಂಗಡಿಯವನು ಏನಮ್ಮಾ ಬೇಕು, ಇಲ್ಲವಾದರೆ ನೆರಳಿಗಾದರೂ ಬಾಡಿಗೆ ಕೊಡು ಎಂದು ತಮಿಳಿನಲ್ಲಿ ಹೇಳಿದ. ನಾನು ಒಂದು ಮಗ್ ತೆಗೆದುಕೊಂಡೆ. ಬೀಚ್ ಸ್ಟೇಷನ್ನಿಗೆ ನಡೆದು 4.48ರ ರೈಲು ಹತ್ತಿದೆ. ಸೀಟು ಇತ್ತು. ಪ್ರತಿ ಸ್ಟೇಷನ್ನಿನಲ್ಲೂ ಎದ್ದು ಬಾಗಿಲಿಗೆ ಹೋಗಿ ಮತ್ತೆ ಬಂದು ಕುಳಿತೆ.

ಮನೆಯಲ್ಲಿ ಏನೂ ಹೇಳಲಿಲ್ಲ. ಹೊಸ ಮಗ್ ಎಂತಕ್ಕೆ ಎಂದು ಮಾವ ಕೇಳಿದರು. ಹಳೆಯದು ಸೋರುತ್ತದೆ ಎಂದೆ. ಅದು ಸೋರುವುದಿಲ್ಲ.

ಇಂದು ಬುಧವಾರ ಬೆಳಿಗ್ಗೆ 10.15ಕ್ಕೆ ಹೋಟೆಲಿನ ಕ್ಯಾಷಿಯರ್ ಫೋನ್ ಮಾಡಿ, ಚೀಲದ ಮೇಲಿನ ಹೆಸರು ನೋಡಿ ಪೊಲೀಸರು ಬಂದಿದ್ದಾರೆ, ಒಂದು ಪೊಟ್ಟಣ ತೋರಿಸಿದರು, ಇದು ರಘುರಾಮಣ್ಣನ ಗಂಟು ಎಂದು ಹೋಟೆಲಿನವರೆಲ್ಲ ಹೇಳಿದರು ಎಂದ. ಮಾವನೂ ಹೌದು, ನನ್ನದೇ ಎಂದು ಹೇಳಿ ಏಪ್ರನ್ ಬಿಚ್ಚಿಟ್ಟು ಜೀಪು ಹತ್ತಿ ಈ ಠಾಣೆಗೆ ಬಂದರಂತೆ.

ನಾನು 10.40ರ ರೈಲಿಗೆ ಹೊರಟೆ. ಬೀಚ್ ಸ್ಟೇಷನ್ನಿನಿಂದ ಈ ಠಾಣೆಗೆ 412 ಹೆಜ್ಜೆ. ಠಾಣೆಯ ಗೇಟಿನವರೆಗೆ ಬಂದು ಹಿಂದೆ ಹೋದೆ. ಹೀಗೆ ಮೂರು ಸಲ ಆಯಿತು. ಒಳಗೆ ಹೋದರೆ ಯಾರ ಮುಖ ನೋಡಿ ಮಾತಾಡುವುದು ಎಂದು ತಿಳಿಯಲಿಲ್ಲ. ನಾಲ್ಕನೇ ಸಲ, 11.50ಕ್ಕೆ, ನಂಜುಂಡ ಅವರು ಹೊರಗೆ ಬಂದು, ಏನಮ್ಮ, ಗೇಟಿಗೆ ಪ್ರದಕ್ಷಿಣೆ ಹಾಕ್ತಿದೀಯಾ, ಒಳಗೆ ಬಾ, ದೇವರು ಒಳಗಿದ್ದಾರೆ ಎಂದು ತಮಿಳಿನಲ್ಲಿ ಹೇಳಿದರು. ನಾನು ಗಾಬರಿಯಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರೂ ಕನ್ನಡಕ್ಕೆ ಬಂದರು.

ಮಾವ ಇನ್‌ಸ್ಪೆಕ್ಟರ್ ಮೇಡಂ ಮುಂದೆ ನಿಂತಿದ್ದರು. ನನ್ನನ್ನು ನೋಡಿ, ನಿಂಗೆ ಇಲ್ಲೆಂತ ಕೆಲಸ, ಮನೆಗೆ ಹೋಗು ಎಂದರು. ನಕಲಿ ಗೇಮ್ ತಡೆಯುವ ಮಷೀನಿನ ಬೀಗ ಮುರಿದದ್ದಕ್ಕೆ ಎರಡು ವರ್ಷದವರೆಗೆ ಜೈಲಾಗಬಹುದು, ನಕಲು ಮಾಡಿ ಮಾರಿದ್ದಕ್ಕೆ ಮೂರು ವರ್ಷದವರೆಗೆ ಆಗಬಹುದು ಎಂದು ಮೇಡಂ ಮಾವನಿಗೆ ಆಗಷ್ಟೇ ಹೇಳಿದ್ದರಂತೆ. ಮಾವನಿಗೆ 58 ವರ್ಷ. ಚಿಪ್ ಎಲ್ಲಿ ಕೂರಿಸಿದಿರಿ ಎಂದು ಮೇಡಂ ಕೇಳಿದಾಗ, ಒಳಗೆ ಎಂದು ಮಾತ್ರ ಹೇಳಿದರಂತೆ.

ಪೊಟ್ಟಣ ನನ್ನದು ಎಂದು ಹೇಳಿದೆ. ಮೇಡಂ ತಲೆ ಎತ್ತಲಿಲ್ಲ. ಎರಡನೇ ಸಲ ಹೇಳಿದೆ. ಮೇಜಿನ ಮೇಲೆ ಇನ್ನೂ ಬಿಚ್ಚದ ಎರಡು ಪೊಟ್ಟಣ ಇದ್ದವು. ಮೇಡಂ ನೂಲು ತರಿಸಿ ಎರಡು ಖಾಲಿ ಡಬ್ಬಿ ಕೊಟ್ಟು ನಮ್ಮಿಬ್ಬರಿಗೂ ಕಟ್ಟಲು ಹೇಳಿದರು. ಮಾವನದು ಮುಗಿಯಲು ಹತ್ತು ಸೆಕೆಂಡು ಆಗಲಿಲ್ಲ. ನಾನು ಎಡಗೈಯಲ್ಲಿ ಕಟ್ಟಿದೆ. ಮೇಡಂ ಮಾವನ ಡಬ್ಬಿಯ ನೂಲನ್ನು ಬಲಕ್ಕೆ ಎಳೆದರು, ಬಿಚ್ಚಿತು. ಅಂಗಡಿಯ ಪೊಟ್ಟಣವನ್ನು ಬಲಕ್ಕೆ ಎಳೆದರು, ಬಿಗಿಯಾಯಿತು. ಎಡಕ್ಕೆ ಎಳೆದರು, ಬಿಚ್ಚಿತು. ಎರಡನೆಯದೂ ಹಾಗೇ. ನನ್ನ ಡಬ್ಬಿಯೂ ಹಾಗೇ. ಅನಂತರ ನಾನು ಒಂದು ಮಷೀನು ಬಿಚ್ಚಿ ಚಿಪ್ ಇರುವ ಜಾಗ ತೋರಿಸಿದೆ.

ಇವಳ ಗಂಟೆಂದು ಹೋಟೆಲಿನಲ್ಲೇ ಗೊತ್ತಾಯಿತಾ ಎಂದು ಮೇಡಂ ಮಾವನನ್ನು ಕೇಳಿದರು. ನಿಮ್ಮವರು ಬಲಕ್ಕೆ ಎಳೆದು ಬೆರಳು ಕೊಯ್ದುಕೊಂಡಾಗಲೇ ಗೊತ್ತಾಯಿತು ಎಂದು ಮಾವ ಹೇಳಿದರು. ನನ್ನ ಕಡೆ ಕೈ ತೋರಿಸಿ, ಇವಳಿಗೆ ಎರಡು ವರ್ಷ ಹೊಡೆದು ಹೇಳಿದೆ ಮೇಡಂ, ಒಂದು ದಿನ ನನ್ನ ಮಾತು ಕೇಳಿದ್ದರೆ ಇವತ್ತು ಯಾರ ಗಂಟು ಅಂತ ದೇವರಿಗೂ ತಿಳೀತಿರಲಿಲ್ಲ ಎಂದರು.

ಇದು ತಪ್ಪು ಕೆಲಸ ಎಂದು ನಿನಗೆ ಗೊತ್ತಿತ್ತಾ, ಯೋಚನೆ ಮಾಡಿ ಬರೆ, ಬರೆದ ಮೇಲೆ ಅದು ನಿನ್ನ ಮಾತೇ ಎಂದು ನಂಜುಂಡ ಅವರು ಹೇಳಿದರು. ಯೋಚನೆ ಮಾಡಿದೆ. ಜೂನ್ ತಿಂಗಳಲ್ಲಿ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಗೊತ್ತಾಯಿತು. ಸರಿಯಾದ ಕೆಲಸವಾಗಿದ್ದರೆ ಅದನ್ನು ಇಡ್ಲಿಯ ಹಾಗೆ ಕಟ್ಟಬೇಕಾಗಿರಲಿಲ್ಲ. ಗೊತ್ತಾದ ಮೇಲೂ ಮಾಡಿದೆ. ಬೆಸುಗೆ ಚೆನ್ನಾಗಿ ಕೂರುತ್ತಿತ್ತು, ಬಿಡಲು ಮನಸ್ಸಾಗಲಿಲ್ಲ.

ಮಾವನಿಗೆ ಮನೆಗೆ ಹೋಗಬಹುದು ಎಂದು 1.20ಕ್ಕೆ ಹೇಳಿದ್ದಾರೆ. ಈಗ 2.35. ಅವರು ಹೊರಗಿನ ಬೆಂಚಿನಲ್ಲೇ ಇದ್ದಾರೆ. ಎರಡು ಸಲ ಬಾಗಿಲಿಗೆ ಬಂದು ಉಂಡ್ಯಾ ಎಂದು ಕೇಳಿದರು.

ಇಲ್ಲಿ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು, ಸುಳ್ಳು ಸೇರಿಸಿಲ್ಲ. ನಂಜುಂಡ ಅವರು ಗಟ್ಟಿಯಾಗಿ ಓದಿದರು, ಕೇಳಿದೆ, ಸರಿಯಿದೆ. ಸಹಿಯನ್ನು ಯಾವ ಕೈಯಲ್ಲಿ ಮಾಡಬೇಕು ಎಂದು ಕೇಳಿದೆ. ನಂಜುಂಡ ಅವರು ಉತ್ತರ ಕೊಡುವ ಮೊದಲೇ ಮಾವ ಬಾಗಿಲಿನಿಂದ, ಅದೇ ಕೈಯಲ್ಲಿ ಮಾಡು ಮಗಾ ಎಂದರು.

ಸ್ಥಳ: ಚೆನ್ನೈ
ದಿನಾಂಕ: 13-11-2024

(ಸಹಿ, ಎಡಗೈಯಿಂದ)
ಸುಗುಣಾ