ಕಪ್ಪು ಒರೆಸಿದ ರಾತ್ರಿ

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ… ನನಗೆ ಹೆದರಿಕೆ ಅಂತಲ್ಲ, ನಿಮ್ಮ ಮುಖ ಕಾಣಬೇಕು. ನಿಮ್ಮ ಈ ಮಾಮ ಒಂದು ಕಾಲದಲ್ಲಿ ಮೂರು ದೆವ್ವಗಳನ್ನು ಒಂದೇ ಸಲಕ್ಕೆ ಬರೀ ಮಾತಿನಲ್ಲಿ ಸೋಲಿಸಿದವನು. ಸಾಕಪ್ಪಾ ಸಾಕು ಅಂತ ಕೈಮುಗಿದು ಓಡಿಹೋದವು. ಅದು ಸುಳ್ಳು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ಹೇಳುವುದು ಹಾಗಲ್ಲ. ಇದರಲ್ಲಿ ನನ್ನ ಪ್ರತಾಪ ಒಂದು ಚೂರೂ ಇಲ್ಲ. ನಡೆದದ್ದು ನಿಮ್ಮ ದೊಡ್ಡಮ್ಮನ ಕಿರಿಮಗನಿಗೆ.

ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಹಳೆಯ ಚಿತ್ರಗಳ ಕೊಳೆ ತೆಗೆದು ಸರಿಮಾಡುವುದು ಅವನ ಕೆಲಸ, ನಿಮಗೆ ಗೊತ್ತಲ್ಲ. ಬೀದಿಯ ತಿರುವಿನಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಮುಚ್ಚಳ. ಅದನ್ನು ದಾಟುವಾಗ ಕೇಳಿಸಿತು… ಕಿರ್ರ್… ಸಿಮೆಂಟಿನ ಮೇಲೆ ಕುರ್ಚಿ ಎಳೆದ ಸದ್ದು. ಬಾವಿಯಿಂದಲ್ಲ. ಹಿಂದಿನಿಂದ. ಅವನು ಆಗತಾನೇ ಬೀಗ ಹಾಕಿ ಬಂದ ಕಟ್ಟಡದಿಂದ.

ತಿರುಗಿ ನೋಡಿದ. ಮೇಲಿನ ಕಿಟಕಿಯಲ್ಲಿ ಬೆಳಕು. ಹಳದಿ… ಸ್ವಲ್ಪ ಅಲ್ಲಾಡುವ ಬೆಳಕು.

ಬೇರೆ ಯಾರಾದರೂ ಆಗಿದ್ದರೆ ಪಂಚೆ ಎತ್ತಿ ಕಟ್ಟಿಕೊಂಡು ಓಡುತ್ತಿದ್ದರು. ನಾನಂತೂ ಪಂಚೆ ಅಲ್ಲೇ ಬಿಟ್ಟು ಓಡುತ್ತಿದ್ದೆ. ಇವನಿಗೆ ಹೆದರಿಕೆಯೇ ಆಗಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ. ಅವನ ಅಣ್ಣ, ಬೋರ್ಡ್ ಬರೆಯುತ್ತಿದ್ದನಲ್ಲ, ಏಣಿಯಿಂದ ಬಿದ್ದು ತೀರಿಹೋಗಿ ಆಗ ಎಂಟು ತಿಂಗಳು. ಆವತ್ತಿನಿಂದ ಇವನು ಅತ್ತಿರಲಿಲ್ಲ, ನಕ್ಕಿರಲಿಲ್ಲ. ಕುದಿಯುವ ಚಹಾ ಕೊಟ್ಟರೂ ನೀರು ಕುಡಿದ ಹಾಗೆ ಕುಡಿಯುತ್ತಿದ್ದ. "ಒಳಗೆಲ್ಲ ಜೋಮು ಹಿಡಿದಂಗಿದೆ ಮಾಮ" ಅಂದಿದ್ದ ಒಮ್ಮೆ. ನಾನು ಏನೋ ಒಂದು ಜೋಕು ಹೇಳಿದೆ. ನನಗೆ ಇನ್ನೇನು ಬರುತ್ತದೆ?

ಕೋಣೆಯಲ್ಲಿ ಟರ್ಪೆಂಟೈನ್ ಇತ್ತು, ಅದರಲ್ಲಿ ಅದ್ದಿದ ಹತ್ತಿ ಒಂದು ಬಕೆಟ್ ತುಂಬ ಇತ್ತು. ಬೆಂಕಿಯೇ ಬಿತ್ತೇನೋ ಅಂತ ವಾಪಸ್ಸು ನಡೆದ.

ಆ ಕಟ್ಟಡ ಒಂದು ಸಂಘದ್ದು. ಬಾಗಿಲ ಮೇಲೆ ಹೆಸರಿಲ್ಲ. ಒಳಗೆ ಏನು ಮಾಡುತ್ತಾರೆ, ಯಾರು ಯಾರು ಇದ್ದಾರೆ, ಹೆಂಡತಿಗೂ ಹೇಳುವಂತಿಲ್ಲ. ನಮ್ಮ ಬೀದಿಯವರು ಬಾಯಿಮುಚ್ಚು ಸಂಘ ಅಂತಲೇ ಕರೆಯುವುದು. ತಮ್ಮತಮ್ಮೊಳಗೆ ಮಾತ್ರ ಅವರು ಅಣ್ಣಾ, ತಮ್ಮಾ. ಸಭೆಯ ಕೋಣೆಯಲ್ಲಿ ಗೋಡೆ ತುಂಬ ಒಂದು ಎಣ್ಣೆಬಣ್ಣದ ಚಿತ್ರ. ಕಪ್ಪುಬಿಳಿ ಚೌಕದ ನೆಲ, ಉದ್ದ ಮೇಜು, ಸುತ್ತ ಎಲ್ಲ ಸದಸ್ಯರು, ಒಬ್ಬೊಬ್ಬರ ಮುಂದೆ ಒಂದೊಂದು ಮೇಣದಬತ್ತಿ. ಹೊಸಬ ಸೇರಿದಾಗಲೆಲ್ಲ ಅವನ ಮುಖವೂ ಅದರಲ್ಲಿ ಸೇರುತ್ತದಂತೆ. ಒಬ್ಬನ ಎರಡು ಬೆರಳು ಎದೆಯ ಮೇಲೆ, ಇನ್ನೊಬ್ಬನ ಕೈಯಲ್ಲಿ ವೃತ್ತ ಎಳೆಯುವ ಕೈವಾರ, ಮೇಲೆ ಚಾವಣಿಯಲ್ಲಿ ಒಂದು ಕಣ್ಣು. ಹಳೆಯ ಚಿತ್ರಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗುತ್ತದಂತೆ. ಬಿಡಿಸಿದವನೂ ಸಂಘದವನು, ಬಿಡಿಸಿಕೊಂಡವನೂ ಸಂಘದವನು, ನೋಡುವ ನಾವು ಮಾತ್ರ ಹೊರಗಿನವರು. ಆಹಾ ಎಂಥಾ ನೆರಳುಬೆಳಕು ಅಂತ ನಾವು ಬಾಯಿ ಬಿಡುತ್ತೇವೆ. ಅವರು ಅದನ್ನೇ ಕಾಗದ ಓದಿದ ಹಾಗೆ ಓದಿಕೊಳ್ಳುತ್ತಾರೆ.

ಸಂಘದ ಚಿತ್ರಗಾರ ಹಿಂದಿನ ತಿಂಗಳು ತೀರಿಕೊಂಡಿದ್ದ. ಹಾಗಾಗಿ ಹೊರಗಿನವನಾದ ಇವನನ್ನು ಕರೆಸಿದ್ದರು. ಕೊಳೆ ತೆಗಿ ಅಂದರು. ಅಷ್ಟೇ ಅಂದರು. ಇವನು ಆವತ್ತು ಕೂತು ತೆಗೆದ. ಬತ್ತಿಗಳಲ್ಲಿ ಇಪ್ಪತ್ತನಾಲ್ಕರ ಜ್ವಾಲೆಯ ಮೇಲೆ ಒಂದೊಂದು ಕಪ್ಪು ಬೊಟ್ಟು. ಮಸಿ ಅಂದುಕೊಂಡು ಹತ್ತಿಯಲ್ಲಿ ಒರೆಸಿದ. ಅಡಿಯಲ್ಲಿ ಹಳದಿ ಜ್ವಾಲೆ ಹೊಚ್ಚಹೊಸದರಂತೆ ಎದ್ದು ಬಂತು. ಮುಖಗಳನ್ನು ನಾಳೆ ತೊಳೆಯೋಣ ಅಂತ ಬಿಟ್ಟಿದ್ದ.

ಮೆಟ್ಟಿಲ ಮೇಲೆ ಕಾವಲಿನ ಮುದುಕ, ಬೀಗದಜ್ಜ, ಮಂಡಿ ತಬ್ಬಿಕೊಂಡು ಕೂತಿದ್ದ.

"ಏನಪ್ಪಾ ಮಾಡಿದೆ ಒಳಗೆ?" ಪಿಸುಗುಟ್ಟಿದ.

"ಕೊಳೆ ತೆಗೆದೆ ಅಜ್ಜ."

"ಬತ್ತಿ ಮೇಲಿದ್ದ ಕಪ್ಪು…?"

"ಅದೂನೂ."

ಅಜ್ಜ ಹಣೆಗೆ ಕೈ ಇಟ್ಟುಕೊಂಡ. "ಅದು ಕೊಳೆ ಅಲ್ಲ ಮಗಾ. ನಮ್ಮಲ್ಲಿ ಒಬ್ಬ ಸತ್ತರೆ, ಅದೇ ರಾತ್ರಿ ಚಿತ್ರಗಾರ ಬಂದು ಅವನ ಬತ್ತಿ ಆರಿಸ್ತಾನೆ. ಒಂದು ಬೊಟ್ಟು ಕಪ್ಪು. ಬತ್ತಿ ಉರೀತಿದ್ರೆ ಸಭೆ ಬಿಟ್ಟು ಏಳಂಗಿಲ್ಲ, ಅದು ಆಣೆ. ನೀನು ಎಲ್ಲಾ ಹಚ್ಚಿಬಿಟ್ಟೆ. ಕರೆದ ಹಾಗಾಯ್ತು… ಬಂದು ಕೂತಿದ್ದಾರೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಂಗಿಲ್ಲ ಕಣಪ್ಪಾ. ಗುಟ್ಟು."

ನೋಡಿ, ಗುಟ್ಟು ಕಾಯುವುದೆಂದರೆ ಇದು! ನಾನಾಗಿದ್ದರೆ ಬೀದಿಯ ಬೆಕ್ಕಿಗೂ ಹೇಳಿರುತ್ತಿದ್ದೆ.

"ಬೆಳಗಾಗೋದ್ರೊಳಗೆ ಆರಿಸಿಬಿಡು. ಹಿಂದೆ ತಿರುಗಬೇಡ," ಅಂದ ಅಜ್ಜ.

ಇವನು ಒಳಗೆ ಹೋದ. ಕೋಣೆಯ ಲೈಟು ಹಾಕಿರಲಿಲ್ಲ, ಆದರೂ ಚಿತ್ರ ಕಾಣುತ್ತಿತ್ತು. ಬೆನ್ನ ಹಿಂದೆ ಸಭೆಯ ಮೇಜು. ಅಲ್ಲಿ ಉಸಿರಿನ ಸದ್ದಿಲ್ಲ. ಬಟ್ಟೆಯ ಸರಬರ ಮಾತ್ರ… ಯಾರೋ ಒಬ್ಬ ಗಂಟಲು ಸರಿಮಾಡಿಕೊಂಡ. ಇವನು ಸಣ್ಣ ಬ್ರಷ್ ತೆಗೆದು, ಕಪ್ಪು ಅದ್ದಿ, ಮೊದಲ ಜ್ವಾಲೆಯ ಮೇಲೆ ಇಟ್ಟ.

ಚುಸ್…

ಹಿಂದೆ ಕುರ್ಚಿ ಸರಿಯಿತು. ಕಿರ್ರ್. ಆಮೇಲೆ ಹೆಜ್ಜೆ… ಟಕ್. ಟಕ್. ಟಕ್. ಬಾಗಿಲ ತನಕ ಹೋಯಿತು. ಅಲ್ಲಿಂದ ಮುಂದಕ್ಕೆ ಕೇಳಿಸಲಿಲ್ಲ.

ಎರಡನೆಯದು. ಚುಸ್… ಕಿರ್ರ್… ಟಕ್ ಟಕ್. ಹೀಗೇ ಹತ್ತು, ಹದಿನೈದು, ಇಪ್ಪತ್ತಮೂರು. ಗೋಡೆಗೆ ಸುಣ್ಣ ಹೊಡೆಯುವವನ ಹಾಗೆ ಮಾಡುತ್ತಾ ಹೋದ. ಏನೂ ಅನ್ನಿಸಲಿಲ್ಲ ಮಾಮ ಅಂದ.

ಕೊನೆಯದು ಹಿಂದಿನ ಸಾಲಿನ ಮೂಲೆಯಲ್ಲಿತ್ತು. ಬತ್ತಿಯ ಬುಡದಲ್ಲಿ, ಮೊದಲು ಕಣ್ಣಿಗೆ ಬೀಳದಿದ್ದ, ತ್ರಿಕೋನದ ಹಾಗೆ ಇಟ್ಟ ಮೂರು ಚುಕ್ಕಿ. ಆ ಚುಕ್ಕಿ ನೀವೂ ನೋಡಿದ್ದೀರಿ. ಇವನ ಅಣ್ಣ ಬರೆದ ಪ್ರತಿ ಅಂಗಡಿ ಬೋರ್ಡಿನ ಮೂಲೆಯಲ್ಲೂ ಇದೆ. ಅದು ಅವನ ರುಜು ಅಂತ ನಾವೆಲ್ಲ ತಿಳಿದಿದ್ದೆವು. ಇವನು ಬೆರಳಿಗೆ ಎಂಜಲು ಹಚ್ಚಿಕೊಂಡು… ಇವರ ಕಸುಬಿನಲ್ಲಿ ಎಂಜಲಿಗಿಂತ ಒಳ್ಳೆಯ ಔಷಧಿ ಇಲ್ಲವಂತೆ… ಬತ್ತಿಯ ಹಿಂದಿನ ಮುಖವನ್ನು ಮೆಲ್ಲಗೆ ಉಜ್ಜಿದ. ಹೊಗೆ ಹಿಡಿದದ್ದು ಬಿಟ್ಟುಕೊಂಡಿತು.

ಅಣ್ಣ.

ತಾನೂ ಸಂಘದವನು ಅಂತ ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ ಆಸಾಮಿ.

ಇವನು ಬ್ರಷ್ ಇಳಿಸಿದ. ಹಿಂದೆ ಒಂದೇ ಒಂದು ಕುರ್ಚಿ ಉಳಿದಿದೆ ಅಂತ ಗೊತ್ತು. ಆರಿಸದಿದ್ದರೆ ಅದು ಸರಿಯುವುದಿಲ್ಲ ಅಂತಲೂ ಗೊತ್ತು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ಅಣ್ಣಾ… ಇನ್ನೂ ಸ್ವಲ್ಪ ಕೂತ್ಕೋ."

ಹಿಂದೆ ಕುರ್ಚಿ ಕಿರುಗುಟ್ಟಿತು. ಎದ್ದದ್ದಲ್ಲ, ಮಗ್ಗಲು ಬದಲಿಸಿದ್ದು.

"ಕಾಲು ಜೋಮು ಹಿಡಿದಿದೆ ಕಣೋ," ಅಂದಿತು ದನಿ. ಅದೇ ದನಿ, ಏಣಿಯ ಮೇಲಿಂದ ಬಣ್ಣದ ಡಬ್ಬಿ ಕೊಡು ಅನ್ನುತ್ತಿದ್ದ ದನಿ. "ಬಿಡು ನನ್ನ."

ಬ್ರಷ್ಷಿನಲ್ಲಿ ಬಣ್ಣ ಒಣಗಿತ್ತು. ತಟ್ಟೆಯಲ್ಲಿ ಕಪ್ಪು ಮುಗಿದಿತ್ತು. ಇವನು ಕೈ ಚಾಚಿ, ಹೆಬ್ಬೆರಳು ತೋರುಬೆರಳಿನಲ್ಲಿ ಆ ಜ್ವಾಲೆಯನ್ನು ಚಿವುಟಿದ.

ಕಿರ್ರ್…

ಹೆಜ್ಜೆ ಸ್ವಲ್ಪ ಕುಂಟುತ್ತಾ ಹೋಯಿತು. ಟಕ್… ಸರ್ರ್. ಟಕ್… ಸರ್ರ್. ಇವನು ತಿರುಗಲಿಲ್ಲ.

ಬೆಳಿಗ್ಗೆ ನನ್ನ ಮನೆಗೇ ಬಂದ. ಎರಡು ಬೆರಳಿನಲ್ಲೂ ಕಡಲೆಕಾಳಿನಷ್ಟು ಬೊಬ್ಬೆ. "ಉರಿ ಇದೆಯೇನೋ?" ಅಂದೆ. ಬೊಬ್ಬೆಯನ್ನೇ ನೋಡುತ್ತಾ ಕೂತ. "ಈಗ ಸ್ವಲ್ಪ ಗೊತ್ತಾಗ್ತಿದೆ ಮಾಮ" ಅಂದ. ಜೋಕು ಹೇಳೋಣ ಅಂತ ಬಾಯಿ ತೆರೆದೆ. ಒಂದೂ ಬರಲಿಲ್ಲ. ಸತ್ತವನು ನನಗೂ ಸೋದರಳಿಯನೇ ಅಲ್ಲವೇ.

ಮೂರನೆಯ ದಿನ ನಾನೇ ಹೋದೆ. ಬೀಗದಜ್ಜ ಒಳಗೆ ಬಿಟ್ಟ. ಯಾಕೆ ಬಿಟ್ಟನೋ ಕೇಳಬೇಡಿ. ಹಾಡುಹಗಲು. ನಾನು ಕುಡಿದಿರಲಿಲ್ಲ, ಕನ್ನಡಕ ಹಾಕಿದ್ದೆ. ನನ್ನ ಬೇರೆ ಕತೆಗಳನ್ನೆಲ್ಲ ಬೇಕಿದ್ದರೆ ಗಾಳಿಗೆ ತೂರಿ, ಇದನ್ನು ಬಿಟ್ಟು. ಚಿತ್ರದ ಕೆಳಗಿನ ಮರದ ಚೌಕಟ್ಟಿನ ಮೇಲೆ ಮೇಣದ ಹನಿಗಳಿದ್ದವು. ಎಣಿಸಿದೆ. ಇಪ್ಪತ್ತನಾಲ್ಕು. ಇಪ್ಪತ್ತಮೂರು ಹನಿ ಕಲ್ಲಿನ ಹಾಗೆ ಗಟ್ಟಿ. ಮೂಲೆಯದ್ದನ್ನು, ಅಣ್ಣನ ಬತ್ತಿಯ ಕೆಳಗಿನದ್ದನ್ನು, ಒತ್ತಿದೆ… ಇನ್ನೂ ಮೆತ್ತಗಿತ್ತು. ನನ್ನ ಉಗುರಿನ ಗುರುತು ಅದರಲ್ಲಿ ಈಗಲೂ ಇದೆ.