ಸೋಮಾರಿ ನಕ್ಷತ್ರದ ಗ್ರಹಣ

ಅಲ್ಲ, ಬಾಗಿಲು ಯಾಕೆ ಹಾಕ್ದೆ? ಮೊದಲೇ ಈ ರೂಮಲ್ಲಿ ಗಾಳಿ ಆಡಲ್ಲ... ಸರಿ, ಹಾಕ್ಕೋ. ಅಳೋದಿದ್ರೆ ಅತ್ತುಬಿಡು, ಯಾರೂ ನೋಡಲ್ಲ. ಬೇಕಾದ್ರೆ ನಾನು ಗೋಡೆ ಕಡೆ ತಿರುಗಿ ಕೂತ್ಕೋತೀನಿ. ಏನು, ಅಳಲ್ವಾ? ಅಯ್ಯೋ, ಹೀಗೆ ಗರ ಬಡಿದೋರ ಥರ ನಿಂತ್ರೆ ನನಗೆ ಹೇಗಾಗಬೇಡ ಹೇಳು! ಹೇಳಿದ್ನಲ್ಲ, ಸಿಗಲಿಲ್ಲ ಅಂತ. ಬೆಟ್ಟದ ಮೇಲಿರೋದು ಒಂದೇ ಒಂದು ದೊಡ್ಡ ಟೆಲಿಸ್ಕೋಪು, ಅದರ ಮೇಲೆ ಕಣ್ಣಿಟ್ಟು ಅರ್ಜಿ ಹಾಕೋರು ದೇಶದ ತುಂಬ. ಕೇಳಿದೋರಿಗೆಲ್ಲ ಕೊಡೋಕೆ ಟೆಲಿಸ್ಕೋಪಿನ ರಾತ್ರಿಗಳೇನು ಅದನ್ನ ಹಂಚೋ ಕಮಿಟಿಯವರ ಹಿತ್ತಲಲ್ಲಿ ಬೆಳೀತಾವಾ? ಈ ಸಲ ನಮಗಿಲ್ಲ. ಅಷ್ಟೇ.

ಕೂತ್ಕೋ. ಹಾಂ, ಕುರ್ಚಿ ಎಳ್ಕೋ... ಅಲ್ಲಿ ಯಾಕೆ? ಬಾಗಿಲಿಗೇ ಒರಗಿಸಿಬಿಟ್ಯಲ್ಲ! ಯಾರಾದ್ರೂ ಬಂದ್ರೆ? ...ಸರಿ ತಾಯಿ, ಅಲ್ಲೇ ಕೂತ್ಕೋ.

ನೋಡು, ನಿನ್ನ ಕೆಲಸದಲ್ಲಿ ಒಂದು ಚೂರೂ ಕೊರತೆ ಇಲ್ಲ. ನಿನ್ನ ಗೈಡ್ ಆಗಿ ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಎಂಥ ಜೋಡಿ ಅದು! ಚಿಕ್ಕ ನಕ್ಷತ್ರ ದೊಡ್ಡದನ್ನ ಒಂದು ಸುತ್ತು ಹಾಕೋಕೆ ಒಂಬತ್ತು ವರ್ಷ ತಗೊಳ್ಳುತ್ತೆ, ಒಂಬತ್ತು ವರ್ಷಕ್ಕೊಂದೇ ಸಲ ಅದರ ಹಿಂದೆ ಹೋಗಿ ಮರೆಯಾಗುತ್ತೆ... ಇದನ್ನ ನಿನಗೆ ಹೇಳ್ತಿದೀನಲ್ಲ, ನನಗೂ ಅರಳು ಮರಳು! ಅದಕ್ಕೆ ಸೋಮಾರಿ ಅಂತ ಹೆಸರಿಟ್ಟೋಳೇ ನೀನು. 'ಸೋಮಾರಿಗೆ ಈ ಚಳಿಗಾಲ ಗ್ರಹಣ ಮೇಡಂ, ಅದೊಂದು ಸಿಕ್ಕಿದ್ರೆ ಥೀಸಿಸ್ ಮುಗೀತು ಮೇಡಂ, ಮನೆಗೆ ಹೋಗ್ತೀನಿ ಮೇಡಂ!' ಒಂದು ಉಸಿರಿಗೆ ಎಷ್ಟು ಮೇಡಂ! ಇವತ್ತು ಒಂದು ಸಲಾನೂ ಅಂದಿಲ್ಲ ನೀನು.

ಕಮಿಟಿಯವರಿಗೆ ತಲೆ ಇಲ್ಲ ಬಿಡು. ಒಬ್ಬ ಪುಣ್ಯಾತ್ಮ ಬರೆದಿದಾನೆ, ನಕ್ಷತ್ರ ತೀರಾ ಮಂಕಾಯ್ತು ಅಂತ. ಇನ್ನೊಬ್ಬ... ಯಾಕೆ ನಗ್ತೀಯ? ನಿಜವಾಗ್ಲೂ ಕಣೇ, ಮಂಕು ಅಂತಾನೇ ಬರೆದಿರೋದು... ಹಾಗೆ ನಗಬೇಡ, ಭಯ ಆಗುತ್ತೆ. ಗೊತ್ತು, ಗೊತ್ತು, ನಮ್ಮ ತಾರಸಿ ಮೇಲಿರೋ ಪುಟ್ಟ ಟೆಲಿಸ್ಕೋಪಲ್ಲೂ ಸೋಮಾರಿ ಲಕ್ಷಣವಾಗಿ ಕಾಣುತ್ತೆ. ಕಾಣೋದು ಬೇರೆ, ಬೆಳಕನ್ನ ಬಿಡಿಸಿ ನೋಡೋದು ಬೇರೆ, ಅದಕ್ಕೆ ದೊಡ್ಡದೇ ಬೇಕು... ಅಂತ ಅವನ ಅರ್ಥ ಇರಬೇಕು. ನನಗೇನು ಗೊತ್ತು? ನಾನೇನು ಕಮಿಟೀಲಿ ಕೂತಿದ್ನಾ?

ಆಯ್ತು, ನನಗೆ ಹೊತ್ತಾಯ್ತು. ಮೀಟಿಂಗ್ ಇದೆ. ಹೆಡ್ ಕಾಯ್ತಿರ್ತಾರೆ, ಅವರ ಮೂಗಿನ ತುದೀಲೇ ಸಿಟ್ಟು. ಏಳು, ದಾರಿ ಬಿಡು... ಏಳೇ ಅಂದ್ರೆ! ಕ್ಯಾಲೆಂಡರ್ ಯಾಕೆ ನೋಡ್ತೀಯ? ...ಹೌದು. ಇವತ್ತು ಶನಿವಾರ. ಶನಿವಾರ ಹೆಡ್ ಈ ಕಡೆ ತಲೆ ಹಾಕಿಯೂ ಮಲಗಲ್ಲ. ಮೀಟಿಂಗ್ ಇಲ್ಲ, ಸುಳ್ಳು ಹೇಳಿದೆ, ಸಮಾಧಾನ ಆಯ್ತಾ?

ಸರಿ, ಈಗ ಮುಂದಿನದು ಯೋಚಿಸೋಣ. ಬೇರೆ ನಕ್ಷತ್ರ ಹಿಡಿಯೋಣ. ಒಂದು ವರ್ಷ, ಹೆಚ್ಚಂದ್ರೆ ಎರಡು. ಕಿಟಕಿ ಪಕ್ಕದ ಟೇಬಲ್ ನಿನ್ನದೇ, ಯಾರೂ ಏಳು ಅನ್ನಲ್ಲ. ಮಗೂಗೇನು ಕಡಿಮೆ? ನಿಮ್ಮತ್ತೆ ಅಂಗೈಲಿಟ್ಟು ನೋಡ್ಕೋತಿದಾರೆ. ನೀನಾದ್ರೂ ವಾರ ಬಿಟ್ಟು ವಾರ ಬಸ್ ಹತ್ತಿ ಹೋಗಿ ಬರ್ತೀಯ. ಮೊನ್ನೆ ಹೇಳಿದ್ಯಲ್ಲ, ಅದು ನಿನ್ನನ್ನ 'ಫೋನ್ ಅಮ್ಮ' ಅಂತ ಕರೆಯುತ್ತೆ ಅಂತ! ಎಷ್ಟು ನಕ್ಕಿದ್ವಿ ಇಬ್ಬರೂ...

ನೀನು ನಕ್ಕಿರಲಿಲ್ಲ, ಅಲ್ವಾ? ನಾನೊಬ್ಬಳೇ ನಕ್ಕಿದ್ದು.

ಬೈಯಿ ಬೇಕಾದ್ರೆ. ನನ್ನ ಕಡೆಯಿಂದಲೂ ಸ್ವಲ್ಪ ನೋಡು ನೀನು. ನಿನ್ನ ನಂತರ ನನಗೆ ಇನ್ನೊಬ್ಬ ಸ್ಟೂಡೆಂಟ್ ಕೊಡಲ್ಲ ಇವರು. ನಿವೃತ್ತಿ ಹತ್ರ ಬಂದೋರಿಗೆ ಕೊಡಲ್ವಂತೆ, ರೂಲು. ಈ ರೂಮಿಗೂ ನಡುವೆ ಗೋಡೆ ಎಬ್ಬಿಸಿ ಆ ಕಡೆ ಜೆರಾಕ್ಸ್ ಮಷಿನ್ ಇಡ್ತಾರಂತೆ. ಅವತ್ತು ಅಟೆಂಡರ್ ಟೇಪ್ ಹಿಡ್ಕೊಂಡು ಬಂದು ನೆಲ ಅಳೆದು ಹೋದ. ನಾನಿಲ್ಲಿ ಕಲ್ಲುಗುಂಡಿನ ಹಾಗೆ ಕೂತಿದೀನಿ, 'ಕಾಲು ಸ್ವಲ್ಪ ಎತ್ತಿ ಮೇಡಂ' ಅಂತಾನೆ! ಎತ್ತಿದೆ. ಏನು ಮಾಡಲಿ? ಮನೆಗೆ ಹೋದ್ರೆ ಅಣ್ಣ, ಅತ್ತಿಗೆ. ಒಳ್ಳೆಯವರೇ, ಇಲ್ಲ ಅನ್ನಲ್ಲ, ನನಗೆ ಅಂತ ತಟ್ಟೆ ಮುಚ್ಚಿಟ್ಟಿರ್ತಾರೆ. ಆದ್ರೆ ಮಾತು? 'ಬಂದ್ಯಾ' ಅಂತಾರೆ. 'ಬಂದೆ' ಅಂತೀನಿ. ಮುಗೀತು, ಇನ್ನು ನಾಳೆ ಸಂಜೆಗೇ. ನನ್ನ ಹತ್ರ ಜಗಳ ಆಡೋಳು, ನನ್ನ ಲೆಕ್ಕ ತಪ್ಪು ಅಂತ ಮುಖದ ಮೇಲೆ ಹೇಳೋಳು, ನನ್ನ ಟೀ ಅರ್ಧ ಕುಡಿದು ಲೋಟ ವಾಪಸ್ ಇಡೋಳು ಇಡೀ ದಿನದಲ್ಲಿ ನೀನೊಬ್ಬಳೇ ಕಣೇ...

ಅಯ್ಯೋ, ಎಲ್ಲಿಂದ ಎಲ್ಲಿಗೆ ಬಂದೆ? ಇದನ್ನೆಲ್ಲ ಯಾಕೆ ಹೇಳ್ತಿದೀನಿ? ಕಮಿಟಿ ವಿಷಯ ಅಲ್ವಾ ಮಾತಾಡ್ತಿದ್ದಿದ್ದು. ಕಮಿಟಿ.

ಇರು. ...ಇರು ಇರು. ನೀನು ಕೇಳಲೇ ಇಲ್ಲ.

ಹೋದ ಸಲ ಸಿಗದೇ ಇದ್ದಾಗ ಏನು ಮಾಡಿದ್ದೆ? ನಾನು ಪೂರ್ತಿ ಹೇಳೋದ್ರೊಳಗೆ 'ಕಾಮೆಂಟ್ಸ್ ತೋರಿಸಿ ಮೇಡಂ' ಅಂತ ನನ್ನ ಕೈಯಿಂದ ಮೌಸ್ ಕಿತ್ಕೊಂಡಿದ್ದೆ! ಎಲ್ಲರೂ ಹಾಗೇ. ಬೇಡ ಅಂದ ಅರ್ಜಿಗೂ ಯಾಕೆ ಬೇಡ ಅಂತ ಕಮಿಟಿ ಬರೆದು ಕಳಿಸುತ್ತೆ, ಅದನ್ನ ಓದಿ ಅವರ ವಂಶವನ್ನೆಲ್ಲ ಬೈದಮೇಲೇ ನಮ್ಮೋರಿಗೆ ಊಟ ಸೇರೋದು. ಇವತ್ತು ಇಷ್ಟು ಹೊತ್ತಾಯ್ತು. ನೀನು ತೋರಿಸಿ ಅನ್ನಲಿಲ್ಲ.

ಕೇಳೇ. ತೋರಿಸಿ ಮೇಡಂ ಅಂತ ಕೇಳು. ...ಯಾಕೆ ಕೇಳಲ್ಲ?

ಬೆಟ್ಟಕ್ಕೆ ಫೋನ್ ಮಾಡಿದ್ಯಾ?

ಮಾಡಿದ್ಯಾ. ಅರ್ಜಿನೇ ಬಂದಿಲ್ಲ ಅಂದ್ರಾ. ಹೂಂ.

ಹಾಗಿದ್ರೆ ಬಂದ ಕೂಡಲೇ ಹೇಳಬಾರದಿತ್ತಾ? ಇಷ್ಟು ಹೊತ್ತು ನನ್ನ ಬಾಯಿಂದ ಮಂಕು ಗಿಂಕು ಅಂತೆಲ್ಲ ಹೇಳಿಸಿದ್ಯಲ್ಲ... ಇಲ್ಲ, ಇಲ್ಲ, ತಪ್ಪು ನಿನ್ನ ಮೇಲೆ ಹಾಕ್ತಿಲ್ಲ. ಅರ್ಜಿ ತಲುಪಿದೆ ಅಂತ ನಿನಗೂ ಒಂದು ಮೇಲ್ ಬರಬೇಕಿತ್ತು. ಬಂದಿಲ್ಲ ಅಂತ ನೀನು ಅವತ್ತೇ ಕೇಳಿದ್ದೆ. ನಾನು ಸ್ಪ್ಯಾಮಲ್ಲಿ ಹುಡುಕು ಅಂದೆ. ಪಾಪ, ನೀನು ಹುಡುಕಿದೆ. ನಾನು ಹೇಳಿದೆ ಅಂತ ನಂಬಿದೆ.

ನೀನು ಎಲ್ಲ ತುಂಬಿಟ್ಟಿದ್ದೆ. ಗುಂಡಿ ಒತ್ತೋದೊಂದೇ ನನ್ನ ಕೆಲಸ. ಗೈಡ್ ಒತ್ತಿದ್ರೆ ಮಾತ್ರ ಹೋಗುತ್ತೆ ಅಂತ ಎಂಥ ದರಿದ್ರ ನಿಯಮ ಮಾಡಿದಾರೋ! ಕೊನೇ ದಿನ, ಮಧ್ಯಾಹ್ನಕ್ಕೆ ವೆಬ್‌ಸೈಟ್ ಮುಚ್ಚುತ್ತೆ ಅಂತ ಗೊತ್ತು. ಬೆರಳು ಇಟ್ಟೆ. ದೇವರಾಣೆ ಇಟ್ಟಿದ್ದೆ. ಅಷ್ಟರಲ್ಲಿ ನಿನ್ನ ಕುರ್ಚಿ ಮೇಲೆ ನಿನ್ನ ಸ್ವೆಟರ್ ಕಾಣಿಸ್ತು, ಬೆಟ್ಟಕ್ಕೆ ಹೋಗೋಕೆ ಅಂತ ನೀನು ಆಗಲೇ ತಂದಿಟ್ಟಿದ್ದೆ. ಒಂದು ಲೋಟ ನೀರು ಕುಡಿದು ಬಂದು ಒತ್ತೋಣ ಅಂತ ಎದ್ದೆ. ಕಾರಿಡಾರಲ್ಲಿ ನಿಂತು ಕುಡಿದೆ. ಮಕ್ಕಳು ಕಹಿ ಔಷಧಿ ಕುಡೀತಾವಲ್ಲ, ಹಾಗೆ, ಗುಟುಕು ಗುಟುಕಾಗಿ. ನಾನೇನು ಮಾಡ್ತಿದೀನಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ವಾಪಸ್ ಬಂದಾಗ ಮುಚ್ಚಿತ್ತು.

ಏನದು? ಫೋನ್ ಯಾಕೆ ನನ್ನ ಮುಂದೆ ಇಡ್ತೀಯ? ...ಓ. ಬೆಟ್ಟದ ಡೈರೆಕ್ಟರ್ ನಂಬರು. ತುರ್ತಿಗೆ ಅಂತ ಅವರ ಕೈಯಲ್ಲಿ ಒಂದಿಷ್ಟು ರಾತ್ರಿ ಇರುತ್ತೆ, ಹೌದು. ಅದನ್ನೂ ಗೈಡೇ ಕೇಳಬೇಕು. ಕೇಳಿದ್ರೆ ಅವರ ಮೊದಲ ಪ್ರಶ್ನೆ ಏನು ಗೊತ್ತಾ? ಸರಿಯಾದ ಹೊತ್ತಿಗೆ ಅರ್ಜಿ ಯಾಕೆ ಬರಲಿಲ್ಲ ಅಂತ. ಸರ್ವರ್ ಕೆಟ್ಟಿತ್ತು ಅನ್ನೋಣ್ವಾ? ...ಅವರ ಸರ್ವರ್ ಅವರಿಗೇ ಗೊತ್ತಿರುತ್ತೆ, ನಿಜ. ಜ್ವರ ಬಂದಿತ್ತು ಅಂದ್ರೆ? ಎದ್ದು ಕೂರೋಕೂ ಆಗ್ತಿರಲಿಲ್ಲ ಅಂದ್ರೆ... ಹಾಗೆ ನೋಡಬೇಡ ನನ್ನ! ನಿಜ ಹೇಳಿದ್ರೆ ಇನ್ನು ನಾನು ಈ ಕಟ್ಟಡದಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ, ಅಷ್ಟಾದ್ರೂ ಗೊತ್ತಾ ನಿನಗೆ?

...ಗೊತ್ತು. ಗೊತ್ತಿದ್ದೇ ಫೋನ್ ಇಟ್ಟಿದೀಯ.

ಯಾಕೆ ಎದ್ದೆ? ಕುರ್ಚಿ ಪಕ್ಕಕ್ಕೆ ಎಳೀತಿದೀಯಲ್ಲ... ಬಾಗಿಲು ತೆಗೆದುಬಿಟ್ಟೆ. ಅಂದ್ರೆ, ನಾನು ಹೋಗಬಹುದಾ? ಆಗಿಂದ ದಾರಿ ಬಿಡು ದಾರಿ ಬಿಡು ಅಂತ ಬಡ್ಕೊಂಡೆ. ಈಗ ಬಿಟ್ಟಿದೀಯ. ಎಲ್ಲಿಗೆ ಹೋಗಲಿ ನಾನು? ಕಾರಿಡಾರಿಗಾ? ಇನ್ನೊಂದು ಲೋಟ ನೀರು ಕುಡಿಯೋಕಾ?

ಕೊಡು ಇಲ್ಲಿ. ಇಲ್ಲ, ನೀನೇ ಒತ್ತು. ಅಲ್ಲ... ಬೇಡ. ನಾನೇ ಒತ್ತುತೀನಿ.

ರಿಂಗ್ ಆಗ್ತಿದೆ. ನೀನು ಹೋದ್ಮೇಲೆ ನನಗೆ ಯಾವಾಗಾದ್ರೂ ಒಂದು ಫೋನ್... ಇಲ್ಲ, ಬಿಡು. ಕೇಳಲ್ಲ.

ಹಲೋ, ಸರ್? ನಮಸ್ಕಾರ, ನಾನೇ. ಹೂಂ ಸರ್, ಆರೋಗ್ಯ ಎಲ್ಲ ಚೆನ್ನಾಗಿದೆ. ಸರ್, ನನ್ನ ಸ್ಟೂಡೆಂಟ್ ಅರ್ಜಿ ಒಂದು ನಿಮಗೆ ಬರಲಿಲ್ಲ. ಅವಳ ತಪ್ಪಿಲ್ಲ. ಬೇಕಂತಲೇ ಕಳಿಸಲಿಲ್ಲ ಸರ್, ನಾನು... ಹೌದು, ಬೇಕಂತಲೇ. ಹೇಳ್ತೀನಿ, ಎಲ್ಲ ಹೇಳ್ತೀನಿ... ಒಂದು ನಿಮಿಷ ಸರ್. ಎಲ್ಲಿಗೆ ಹೊರಟೆ? ಸ್ವೆಟರ್ ಯಾಕೆ ತಗೊಂಡೆ? ಇದೊಂದು ಮಾತು ಮುಗಿಯೋವರೆಗಾದ್ರೂ ಇಲ್ಲೇ ಇರೇ...