ತಗಡಿನ ಮೇಲಿನ ಎರಡನೇ ಹೆಸರು

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದವರು ನಮ್ಮ ಮನೆಯ ಪಾತ್ರೆಗಳಿಗೆಲ್ಲ ಹೆಸರು ಕೊರೆದ ರಸೂಲ್ ಸಾಬರು ಮತ್ತು ಗುಡೇಮಾರನಹಳ್ಳಿಯ ರೈತ ದೇವರಾಜು.

“ನೆಲದಾಗೆ ಸಿಕ್ಕಿದ ಚಿನ್ನದ ತಗಡೇ ನಮ್ಮ ಗ್ರಂಥ ಅನ್ನೋ ಅಮೆರಿಕದ ಮಾರ್ಮನ್ ಪಂಥಕ್ಕೆ ಸೇರಿದ್ರಲ್ಲ ಆ ಮೇಷ್ಟ್ರು, ನಾನು ಕೊರ್ದ ತಾಮ್ರದ ತಗಡು ನೋಡಿ ನಂಬುದ್ರಾ?”

“ನಂಬುದ್ರು ಸಾಬ್ರೆ. ಹಳೇದ್ರಂಗೆ ಕಿಲುಬು ಹಿಡೀಲಿ ಅಂತ ಉಪ್ಪುಹುಳಿ ಬಳಿದು ಹೊಲದಾಗೆ ಹೂತಿದ್ನಲ್ಲ, ಅವ್ರ ಮುಂದೇನೇ ಅಗೆದೆ. ನಮ್ಮ ಗ್ರಂಥದಲ್ಲಿರೋ ಜನ ಇಲ್ಲೂ ಇದ್ರು ಅನ್ನೋಕೆ ಇದೇ ಸಾಕ್ಷಿ ಅಂತ ಕಣ್ಣೀರು ಹಾಕ್ಬುಟ್ರು.”

“ಅದ್ರಾಗೆ ಅಕ್ಷರಾನೇ ಇಲ್ವಲ್ಲಪ್ಪ. ನಾನು ಸುಮ್ನೆ ಗೀಚಿದ್ದು.”

“ಓದುದ್ರು. ಸತ್ತೋರ ಹೆಸ್ರು ಐತೆ ಅಂದ್ರು. ಮೊದಲ್ನೇದು ಗುಲ್ಜಾರ್ ಬೀ ಅಂತೆ.”

ಸಾಬರು ಅವನ ಕಡೆ ತಿರುಗಿ ಕೂತರು.

“ತೀರೋದ ನಮ್ಮಮ್ಮನ ಹೆಸ್ರು. ಬಾಯೊಳಗೆ ಒಂದು ಹೆಸ್ರು ಹೇಳ್ಕೊಳ್ದೆ ನನ್ ಉಳಿ ಓಡಲ್ಲ. ಅವತ್ತು ಅಮ್ಮನ್ನೇ ನೆನೆದು ಶುರು ಮಾಡ್ದೆ.”

“ಎರಡ್ನೇದು ನಾಳೆ ಓದ್ತಾರಂತೆ. ಆಮೇಲೆ ಯಾರ ಹೆಸ್ರು ಹೇಳ್ಕೊಂಡ್ರಿ?”

“ನೀನು ಎದುರ್ಗೇ ಕುಂತಿದ್ದೆ ಕಣಪ್ಪ.”

ಮಾಗಡಿ ಬಸ್ಸು ಬಂತು. ದೇವರಾಜು ಹತ್ತಿ, ಬಾಗಿಲಲ್ಲೇ ತಿರುಗಿ ನಿಂತ. ಸಾಬರು ಅವನ ಹೆಸರು ಹಿಡಿದು ಕೂಗಲಿಲ್ಲ, ಕೈಯನ್ನಷ್ಟೇ ಎತ್ತಿದರು.